ಕಷಾಯ ಆಮೇಲೆ, ಮೊದಲು ನಿದ್ದೆ

ಜೂನ್ ಬಂತೆಂದರೆ ಮೆಡಿಕಲ್ ಶಾಪ್‌ನ ಮುಂದಿನ ಸಾಲಿಗೆ ‘ಇಮ್ಯುನಿಟಿ’ ಎಂದು ಬರೆದ ಡಬ್ಬಿಗಳು ಬಂದು ಕೂರುತ್ತವೆ. ಪುಡಿ, ಲೇಹ್ಯ, ಚಪ್ಪರಿಸುವ ಮಾತ್ರೆ. ಮಕ್ಕಳಿಗೆ ಬೇರೆ, ಅಜ್ಜ ಅಜ್ಜಿಗೆ ಬೇರೆ. ಶಾಲೆ ಶುರುವಾದ ಸ್ವಲ್ಪ ದಿನಕ್ಕೇ ಮನೆಯಲ್ಲಿ ಒಬ್ಬೊಬ್ಬರದೇ ಮೂಗು ಸೋರತೊಡಗುತ್ತದೆ. ಆಗ ಆ ಡಬ್ಬಿಯ ಕಡೆ ಕೈ ಹೋಗುವುದು ಸಹಜ, ಅಲ್ವಾ?

ದುಡ್ಡು ಕೊಡುವ ಮೊದಲು ಒಂದು ವಿಷಯ ಗೊತ್ತಿರಲಿ. ರೋಗ ನಿರೋಧಕ ಶಕ್ತಿ ದೇಹದ ಯಾವುದೋ ಒಂದು ಮೂಲೆಯಲ್ಲಿ ಇರುವಂಥದ್ದಲ್ಲ. ಮೂಳೆಯೊಳಗಿನ ಮಜ್ಜೆ, ರಕ್ತದ ಬಿಳಿ ಕಣಗಳು, ಗುಲ್ಮ, ಕರುಳಿನ ಗೋಡೆ, ಚರ್ಮ, ಮೂಗಿನ ಒಳಪದರ, ಇವೆಲ್ಲ ಸೇರಿ ಮಾಡುವ ಕೆಲಸ ಅದು. ಅದು ಹದ ತಪ್ಪಿದರೂ ಕಷ್ಟವೇ. ಅಲರ್ಜಿ, ಕೆಲವು ಬಗೆಯ ಸಂಧಿವಾತಗಳಲ್ಲಿ ಇದೇ ಪಡೆ ಬೇಡದ ಕಡೆ ದಾಳಿ ಮಾಡುತ್ತಿರುತ್ತದೆ. ಹಾಗಾಗಿ ಚಮಚದ ಲೆಕ್ಕದಲ್ಲಿ ಅದನ್ನು ಹೆಚ್ಚಿಸುತ್ತೇವೆ ಎನ್ನುವವರ ಮಾತನ್ನು ಸ್ವಲ್ಪ ಅನುಮಾನದಿಂದಲೇ ಕೇಳಿ. ಅದರ ಪಾಡಿಗೆ ಅದು ಸರಿಯಾಗಿ ಕೆಲಸ ಮಾಡಲು ನಮ್ಮ ದಿನಚರಿ ಅಡ್ಡ ಬರದಿದ್ದರೆ ಅರ್ಧ ಗೆದ್ದಂತೆ.

ಕೆಳಗಿನ ಹೆಜ್ಜೆಗಳನ್ನೆಲ್ಲ ಒಂದೇ ಸೋಮವಾರ ಶುರು ಮಾಡಬೇಡಿ. ಗುರುವಾರಕ್ಕೆ ಎಲ್ಲವನ್ನೂ ಬಿಟ್ಟಿರುತ್ತೀರಿ. ಒಂದು ಅಭ್ಯಾಸ ಮೈಗೆ ಹತ್ತಿದ ಮೇಲೆ ಮುಂದಿನದನ್ನು ಹಿಡಿಯಿರಿ.

ಹೆಜ್ಜೆ 1: ಏಳುವ ಹೊತ್ತು ಗೊತ್ತು ಮಾಡಿ

2015ರಲ್ಲಿ ಅಮೆರಿಕದ ಸಂಶೋಧಕರ ಒಂದು ಅಧ್ಯಯನ ಪ್ರಕಟವಾಯಿತು. 164 ಆರೋಗ್ಯವಂತರು ಒಂದು ವಾರ ಎಷ್ಟು ನಿದ್ದೆ ಮಾಡುತ್ತಾರೆ ಎಂದು ಮಣಿಕಟ್ಟಿಗೆ ಕಟ್ಟಿದ ಯಂತ್ರದಿಂದ ಅಳೆದರು. ಆಮೇಲೆ ಎಲ್ಲರ ಮೂಗಿಗೂ ನೆಗಡಿಯ ವೈರಸ್ಸಿನ ಹನಿ ಬಿಟ್ಟು, ಒಂದು ಹೋಟೆಲ್‌ನಲ್ಲಿ ಇರಿಸಿ ಕಾದರು. ರಾತ್ರಿ 7 ಗಂಟೆಗಿಂತ ಜಾಸ್ತಿ ಮಲಗುತ್ತಿದ್ದವರಿಗೆ ಹೋಲಿಸಿದರೆ, 6 ಗಂಟೆಗಿಂತ ಕಡಿಮೆ ಮಲಗುತ್ತಿದ್ದವರಿಗೆ ನೆಗಡಿ ಹಿಡಿಯುವ ಸಾಧ್ಯತೆ 4 ಪಟ್ಟಿಗೂ ಹೆಚ್ಚಿತ್ತು. ವೈರಸ್ ಒಂದೇ, ಹನಿಯೂ ಒಂದೇ. ನಿದ್ದೆಯನ್ನು ಮೊದಲ ಹೆಜ್ಜೆ ಮಾಡಿದ್ದು ಅದಕ್ಕೇ.

ಮಲಗುವ ಹೊತ್ತನ್ನು ನಿಗದಿ ಮಾಡಲು ಹೋದರೆ ಅದು ನಿಲ್ಲುವುದಿಲ್ಲ. ಏಳುವ ಹೊತ್ತನ್ನು ನಿಗದಿ ಮಾಡಿ. 6ಕ್ಕೆ ಏಳಬೇಕಾದರೆ ರಾತ್ರಿ ಹತ್ತೂವರೆಗೆ ದೀಪ ಆರಲಿ. ಭಾನುವಾರವೂ ಅಷ್ಟೇ. ಅರ್ಧ ಗಂಟೆ ಆಚೀಚೆ ಆದರೆ ಏನೂ ಮುಳುಗಿ ಹೋಗದು. ಮೊಬೈಲನ್ನು ಹಾಲ್‌ನಲ್ಲೇ ಚಾರ್ಜಿಗೆ ಹಾಕಿ. ಅಲಾರಂ ಬೇಕಲ್ಲ ಅಂತೀರಾ? ಒಂದು ಸಣ್ಣ ಟೈಂಪೀಸ್ ತಂದಿಟ್ಟುಕೊಳ್ಳಿ. ಸಂಜೆಯ ಫಿಲ್ಟರ್ ಕಾಫಿಯನ್ನು 4 ಗಂಟೆಯೊಳಗೆ ಮುಗಿಸಿ. ಕುಡಿದ ಕೆಫೀನ್‌ನಲ್ಲಿ ಅರ್ಧದಷ್ಟು ಕರಗಲಿಕ್ಕೇ ಸುಮಾರು 5 ಗಂಟೆ ಬೇಕು. ಪಾಳಿ ಕೆಲಸ ಮಾಡುವವರಿಗೆ ಇದು ಕಷ್ಟವೇ. ಅವರು ಹಗಲಲ್ಲಿ ಮಲಗುವ ಕೋಣೆಗೆ ದಪ್ಪ ಪರದೆ ಹಾಕಲಿ, ಆ ಹೊತ್ತಿನಲ್ಲಿ ಮನೆಯವರು ಮಿಕ್ಸಿ ತಿರುಗಿಸದಿರಲಿ.

ಹೆಜ್ಜೆ 2: ಕೈ ತೊಳೆಯಿರಿ, ಟವೆಲ್ ಕಡೆಯೂ ನೋಡಿ

1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಬಾಣಂತಿಯರನ್ನು ಮುಟ್ಟುವ ಮೊದಲು ಕ್ಲೋರಿನ್ ಬೆರೆತ ನೀರಲ್ಲಿ ಕೈ ತೊಳೆಯಿರಿ ಎಂದು ಎಲ್ಲ ವೈದ್ಯರಿಗೂ ಕಡ್ಡಾಯ ಮಾಡಿದ. ಬಾಣಂತಿಯರ ಸಾವು ದಿಢೀರನೆ ಇಳಿಯಿತು. ರೋಗಾಣು ಒಳಗೆ ಬಾರದಿದ್ದರೆ ದೇಹ ಹೋರಾಡುವ ಪ್ರಮೇಯವೇ ಇಲ್ಲ.

ನಾವಂತೂ ಕೈಯಲ್ಲೇ ಕಲಸಿ ಉಣ್ಣುವವರು. ಊಟಕ್ಕೆ ಮೊದಲು ಬೆರಳ ತುದಿ ಒದ್ದೆ ಮಾಡಿದರೆ ಸಾಲದು. ಸೋಪು ಹಚ್ಚಿ 20 ಸೆಕೆಂಡ್ ಉಜ್ಜಬೇಕು. ಹೆಬ್ಬೆರಳು, ಬೆರಳ ಸಂದಿ, ಉಗುರಿನ ತುದಿ, ಸಾಮಾನ್ಯವಾಗಿ ಬಿಟ್ಟುಹೋಗುವ ಜಾಗ ಇವೇ. ಇನ್ನು ವಾಶ್ ಬೇಸಿನ್ ಪಕ್ಕದ ಮೊಳೆಯಲ್ಲಿ ನೇತಾಡುವ ಟವೆಲ್ ನೋಡಿ. ಮನೆಮಂದಿಗೆಲ್ಲ ಅದೊಂದೇ. ಮಳೆಗಾಲದಲ್ಲಿ ಅದು ಒಣಗುವುದೂ ಇಲ್ಲ. ಚೆನ್ನಾಗಿ ಕೈ ತೊಳೆದ ಮಗು, ನೆಗಡಿಯಾದ ಅಪ್ಪ ಮೂಗು ಒರೆಸಿಕೊಂಡ ಟವೆಲ್ಲಿಗೇ ಕೈ ಒರೆಸಿದರೆ ತೊಳೆದು ಏನು ಬಂತು? ಹಳೆಯ ಪಂಚೆಯನ್ನು ಹರಿದು ಒಬ್ಬೊಬ್ಬರಿಗೆ ಒಂದೊಂದು ತುಂಡು ಮಾಡಿ, ದಿನಾ ಬದಲಾಯಿಸಿ.

ಹೆಜ್ಜೆ 3: ತಟ್ಟೆಯ ಲೆಕ್ಕ ಬದಲಿಸಿ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಸೂಚಿಯಲ್ಲಿ ದಿನಕ್ಕೆ 2000 ಕ್ಯಾಲರಿ ಬೇಕಾದವರ ಲೆಕ್ಕ ಹೀಗಿದೆ: ಸೊಪ್ಪು ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು 85 ಗ್ರಾಂ, ಧಾನ್ಯ 250 ಗ್ರಾಂ. ಅಂದರೆ ಅಕ್ಕಿ, ರಾಗಿ, ಗೋಧಿಗಿಂತ ತರಕಾರಿಯ ತೂಕವೇ ಜಾಸ್ತಿ! ನಮ್ಮ ತಟ್ಟೆಯಲ್ಲಿ ಅನ್ನದ ಗುಡ್ಡೆ, ಬದಿಯಲ್ಲಿ ಎರಡು ಚಮಚ ಪಲ್ಯ. 400 ಗ್ರಾಂ ಎಂದರೆ ಎಷ್ಟು ಎಂದು ಒಮ್ಮೆ ತೂಗಿ ನೋಡಿ, ಕಣ್ಣಿಗೆ ಅಂದಾಜು ಸಿಗುತ್ತದೆ. ಪಲ್ಯವನ್ನು ಮೊದಲು ಬಡಿಸಿಕೊಂಡು, ಉಳಿದ ಜಾಗಕ್ಕೆ ಅನ್ನ ಹಾಕಿಕೊಳ್ಳುವುದು ಸುಲಭದ ದಾರಿ.

ರೋಗಾಣುವನ್ನು ಹಿಡಿಯಲು ದೇಹ ತಯಾರಿಸುವ ಪ್ರತಿಕಾಯಗಳು ಪ್ರೊಟೀನಿನವು. ಆದ್ದರಿಂದ ಕಾಳಿನ ವಿಷಯದಲ್ಲಿ ಜುಗ್ಗತನ ಬೇಡ. ಹುರುಳಿ ಬೇಯಿಸಿ ಕಟ್ಟಿನ ಸಾರು ಮಾಡುತ್ತೀರಿ. ಸಾರು ಖಾಲಿಯಾಗುತ್ತದೆ, ಕಾಳು ಪಾತ್ರೆಯಲ್ಲೇ ಉಳಿಯುತ್ತದೆ. ಪ್ರೊಟೀನಿನ ಹೆಚ್ಚು ಪಾಲು ಇರುವುದು ಆ ಕಾಳಿನಲ್ಲೇ. ಅದಕ್ಕೆ ಒಗ್ಗರಣೆ ಕೊಟ್ಟು ಉಸಲಿ ಮಾಡಿ. ಮೊಳಕೆ ಹೆಸರುಕಾಳು, ಮೊಟ್ಟೆ, ಮೀನು, ಮೊಸರು, ಮನೆಯ ರೂಢಿ ಯಾವುದೋ ಅದು.

ಕಬ್ಬಿಣದ ಅಂಶದ ಮಾತೂ ಇಲ್ಲೇ ಬರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಕಬ್ಬಿಣ ಕಡಿಮೆಯಾದರೆ ಸೋಂಕನ್ನು ಎದುರಿಸುವ ಕಣಗಳೂ ಸೊರಗುತ್ತವೆ. ಸೊಪ್ಪಿನ ಪಲ್ಯಕ್ಕೆ ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ, ಕಬ್ಬಿಣ ಚೆನ್ನಾಗಿ ಮೈಗೆ ಹಿಡಿಯುತ್ತದೆ. ಊಟವಾದ ತಕ್ಷಣ ಟೀ ಕುಡಿದರೆ ಉಲ್ಟಾ. ಒಂದು ಗಂಟೆ ತಡೆಯಿರಿ.

ವಿಟಮಿನ್ ಸಿ ಮಾತ್ರೆ ದಿನಾ ನುಂಗಿದರೆ ನೆಗಡಿ ಬರುವುದೇ ಇಲ್ಲ ಎಂಬ ನಂಬಿಕೆ ಹಲವರದು. 11 ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ, ಸಾಮಾನ್ಯ ಜನರಿಗೆ ನೆಗಡಿ ಬರುವುದು ಕಡಿಮೆಯಾಗಲಿಲ್ಲ. ದೊಡ್ಡವರಲ್ಲಿ ಅದರ ಅವಧಿ ಮಾತ್ರ ಸುಮಾರು ಶೇ 8ರಷ್ಟು ಇಳಿಯಿತು. ಹತ್ತು ದಿನದ ನೆಗಡಿ ಒಂಬತ್ತು ದಿನವಾಯಿತು ಅಂದುಕೊಳ್ಳಿ. ದಿನಕ್ಕೆ ಬೇಕಾದ ವಿಟಮಿನ್ ಸಿ ಒಂದು ಮಧ್ಯಮ ಗಾತ್ರದ ಸೀಬೆಹಣ್ಣಿನಲ್ಲೇ ಸಿಗುತ್ತದೆ.

ನೆಲ್ಲಿಕಾಯಿ ಸಿಕ್ಕರೆ ಇನ್ನೂ ಒಳ್ಳೆಯದು. ಕುದಿಸಿದರೆ ವಿಟಮಿನ್ ಸಿ ಹಾಳಾಗುವುದರಿಂದ ಮಲೆನಾಡಿನ ತಂಬುಳಿಯೇ ಸರಿಯಾದ ಉಪಾಯ. ಮೂರು ಬೆಟ್ಟದ ನೆಲ್ಲಿಕಾಯಿ ಹೆಚ್ಚಿ ಬೀಜ ತೆಗೆಯಿರಿ. ಅರ್ಧ ಬಟ್ಟಲು ಕಾಯಿತುರಿ, ಒಂದು ಹಸಿಮೆಣಸು, ತುಪ್ಪದಲ್ಲಿ ಹುರಿದ ಅರ್ಧ ಚಮಚ ಜೀರಿಗೆ, ಉಪ್ಪು ಸೇರಿಸಿ ನುಣ್ಣಗೆ ರುಬ್ಬಿ. ಹುಳಿಯಿಲ್ಲದ ಮಜ್ಜಿಗೆ ಬೆರೆಸಿ ತೆಳ್ಳಗೆ ಮಾಡಿ. ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಕೊಡಿ. ಒಲೆ ಮೇಲೆ ಇಡಲೇಬೇಡಿ. ಊಟದ ಮೊದಲ ತುತ್ತಿಗೇ ಕಲಸಿ. ಫ್ರಿಜ್‌ನಲ್ಲಿಟ್ಟು ನಾಳೆಗೆ ಉಳಿಸಬೇಡಿ, ಬಣ್ಣವೂ ಕೆಡುತ್ತದೆ, ರುಚಿಯೂ ಕೆಡುತ್ತದೆ.

ಹೆಜ್ಜೆ 4: ನಡಿಗೆ, ಬಿಸಿಲು

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷದ ಸಾಧಾರಣ ವ್ಯಾಯಾಮ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ಬಿರುಸಿನ ನಡಿಗೆ. ಮಾತಾಡಲು ಆಗಬೇಕು, ಹಾಡು ಹೇಳಲು ಉಸಿರು ಸಾಲಬಾರದು. ವೇಗ ಅಷ್ಟಿದ್ದರೆ ಸಾಕು.

ಎಳೆ ಬಿಸಿಲಿನಲ್ಲಿ ವಿಟಮಿನ್ ಡಿ ಸಿಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ತಯಾರಿಸುವ ಕಿರಣಗಳು ಮುಂಜಾನೆ ತೀರಾ ಕಡಿಮೆ. ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರ ನಡುವೆ ಕೈಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಬೀಳಬೇಕು. ಕಿಟಕಿಯ ಗಾಜಿನೊಳಗೆ ಕೂತರೆ ಉಪಯೋಗವಿಲ್ಲ, ಆ ಕಿರಣ ಗಾಜು ದಾಟುವುದಿಲ್ಲ. ಇನ್ನು ಆಗುಂಬೆ ಕಡೆಯವರಿಗೆ ಜುಲೈನಲ್ಲಿ ಬಿಸಿಲಿನ ಪಾಠ ಹೇಳಿದರೆ ನಕ್ಕಾರು! ಅಂಥವರು ಬೇಸಿಗೆಯಲ್ಲೇ ನೋಡಿಕೊಳ್ಳಬೇಕು. ಬೇಕಿದ್ದರೆ ರಕ್ತ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದರೆ ಮಾತ್ರ ಮಾತ್ರೆ. 60,000 ಯೂನಿಟ್‌ನ ಪೊಟ್ಟಣವನ್ನು ಪಕ್ಕದ ಮನೆಯವರು ತಗೊಂಡರು ಎಂದು ನೀವೂ ವಾರ ವಾರ ತಗೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೆ ತೊಂದರೆಯಾಗಬಹುದು.

ಹೆಜ್ಜೆ 5: ದೊಡ್ಡವರಿಗೂ ಲಸಿಕೆ ಇದೆ

ಲಸಿಕೆಯನ್ನು ‘ನೈಸರ್ಗಿಕ’ ಎನ್ನಬಹುದೇ ಎಂದು ಕೇಳುವವರಿದ್ದಾರೆ. ರೋಗದ ಗುರುತನ್ನು ಮೊದಲೇ ತೋರಿಸಿದರೆ, ಉಳಿದ ಕೆಲಸ ಮಾಡುವುದು ನಮ್ಮ ದೇಹವೇ. ನಮ್ಮ ಮೈಸೂರಿಗೆ ಇದರಲ್ಲಿ ಹೆಮ್ಮೆಯ ಪಾಲಿದೆ. 1805ರ ಸುಮಾರಿಗೆ ಥಾಮಸ್ ಹಿಕಿ ಬಿಡಿಸಿದ ಮೂವರು ಹೆಂಗಸರ ತೈಲಚಿತ್ರವೊಂದಿದೆ. ಬಲಬದಿಯಲ್ಲಿ ನಿಂತವಳು ಸೆರಗು ಸರಿಸಿ ತೋಳು ತೋರುತ್ತಿದ್ದಾಳೆ. ಅವಳು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಗುರುತಿಸಿದ್ದಾರೆ. ಈ ಲಸಿಕೆಯನ್ನು ರೂಪಿಸಿದ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಮೊದಲ ಪ್ರಯೋಗ ಮಾಡಿದ್ದು 1796ರಲ್ಲಿ. ಹತ್ತು ವರ್ಷ ತುಂಬುವ ಮೊದಲೇ ಅದು ಅರಮನೆ ಹೊಕ್ಕಿತ್ತು.

ಮಕ್ಕಳ ಕಾರ್ಡು ತುಂಬಿಸಿದ ಮೇಲೆ ದೊಡ್ಡವರು ತಮ್ಮದನ್ನು ಮರೆಯುತ್ತಾರೆ. ಟೆಟನಸ್ ಬೂಸ್ಟರ್ 10 ವರ್ಷಕ್ಕೊಮ್ಮೆ ಬೇಕು. ಫ್ಲೂ ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಅದರ ಲಸಿಕೆ ವರ್ಷಕ್ಕೊಮ್ಮೆ. ವಯಸ್ಸಾದವರು, ಸಕ್ಕರೆ ಕಾಯಿಲೆ, ಉಬ್ಬಸ ಇರುವವರು ಫ್ಲೂ ಮತ್ತು ನ್ಯುಮೋನಿಯಾ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಬೀಡಿ ಸಿಗರೇಟಿನ ವಿಷಯ ಬೇರೆ ಹೇಳಬೇಕೇ? ಶ್ವಾಸನಾಳದ ಕೊಳೆಯನ್ನು ಹೊರಗೆ ತಳ್ಳುವ ಸಣ್ಣ ರೋಮಗಳನ್ನೇ ಅದು ಸುಟ್ಟುಹಾಕುತ್ತದೆ.

ಹೆಜ್ಜೆ 6: ಈಗ ಕಷಾಯ

ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಒಣಶುಂಠಿ ಹುರಿದು ಪುಡಿ ಮಾಡಿಟ್ಟ ಕಷಾಯಕ್ಕೆ ನನ್ನ ತಕರಾರೇನೂ ಇಲ್ಲ. ಬಿಸಿಬಿಸಿ ಕುಡಿದರೆ ಗಂಟಲಿಗೆ ಹಾಯೆನಿಸುತ್ತದೆ, ನೀರೂ ಹೊಟ್ಟೆಗೆ ಹೋಗುತ್ತದೆ. ಅಷ್ಟು ಸಾಕು. ಬೆಲ್ಲ ಮಾತ್ರ ಕೈ ಬಿಗಿ ಹಿಡಿದು ಹಾಕಿ.

ಅರಿಸಿನಕ್ಕೆ ಕಾಳುಮೆಣಸು ಸೇರಿಸುವ ಪದ್ಧತಿಗೆ ಬೆಂಗಳೂರಿನದೇ ಒಂದು ಸಾಕ್ಷ್ಯವಿದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೆಣಸಿನ ಪೈಪರಿನ್ ಜೊತೆ ಕೊಟ್ಟಾಗ ಅರಿಸಿನದ ಕರ್ಕ್ಯುಮಿನ್ ರಕ್ತ ಸೇರುವ ಪ್ರಮಾಣ ಶೇ 2000ರಷ್ಟು ಹೆಚ್ಚಿತು. ಅವರು ಕೊಟ್ಟಿದ್ದು 2 ಗ್ರಾಂ ಕರ್ಕ್ಯುಮಿನ್. ಮನೆಯ ಅರಿಸಿನದಲ್ಲಿ ಅದಿರುವುದು ಸುಮಾರು ಶೇ 3. ಲೆಕ್ಕ ಹಾಕಿದರೆ 60 ಗ್ರಾಂಗೂ ಮಿಕ್ಕಿ ಅರಿಸಿನ ತಿನ್ನಬೇಕು! ಹಾಲಿಗೆ ಹಾಕುವ ಚಿಟಿಕೆಯಿಂದ ಪವಾಡ ಬಯಸಬೇಡಿ, ಸುಮ್ನೆ ರುಚಿಗೆ ಕುಡಿಯಿರಿ.

ಅಮೃತಬಳ್ಳಿಯ ವಿಷಯದಲ್ಲಿ ಹುಷಾರು. ಕೋವಿಡ್ ಕಾಲದಲ್ಲಿ ಜನ ಅದನ್ನು ತಿಂಗಳುಗಟ್ಟಲೆ ಕುಡಿದರು. 2021ರಲ್ಲಿ ಮುಂಬೈನ ವೈದ್ಯರು ಹೀಗೆ ಸೇವಿಸಿದ ಕೆಲವರಿಗೆ ಯಕೃತ್ತಿಗೆ ಪೆಟ್ಟಾಗಿದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಬೇರೆ ಜಾತಿಯ ಬಳ್ಳಿ ಬಳಸಿರಬಹುದು ಎಂದಿತು. ಬೇಲಿಯ ಬಳ್ಳಿ ಯಾವುದೆಂದು ನಮಗೆ ಗುರುತು ಹಿಡಿಯಲು ಬಾರದಿದ್ದರೆ ಎರಡೂ ಮಾತು ಒಂದೇ ಕಡೆ ಬೆರಳು ತೋರಿಸುತ್ತವೆ. ಮೊದಲೇ ಯಕೃತ್ತಿನ ತೊಂದರೆ ಇರುವವರು, ಬೇರೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಕುಡಿಯಬೇಡಿ.

ಇಷ್ಟೆಲ್ಲ ಮಾಡಿದರೂ ವರ್ಷಕ್ಕೆ ಒಂದೆರಡು ಸಲ ನೆಗಡಿ ಬಂದೇ ಬರುತ್ತದೆ. ಆಗ ಕಳೆದ ಸಲ ಉಳಿದ ಆಂಟಿಬಯಾಟಿಕ್ ಹುಡುಕಿ ನುಂಗಬೇಡಿ. ವೈರಸ್ ಮೇಲೆ ಅದು ಕೆಲಸ ಮಾಡುವುದಿಲ್ಲ. ಗಂಜಿ, ನೀರು, ನಿದ್ದೆ, ಅಗತ್ಯವಿದ್ದರೆ ಜ್ವರದ ಮಾತ್ರೆ. ಮೂರು ದಿನ ಕಳೆದರೂ ಜ್ವರ ಇಳಿಯದಿದ್ದರೆ ಆಸ್ಪತ್ರೆಗೆ ಹೋಗಿ. ಏದುಸಿರು, ವಿಪರೀತ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಮಗು ಮಂಕಾಗಿ ಹಾಲು ನೀರು ಬಿಟ್ಟಿರುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಹೊರಡಿ.