ಹಳೆ ಮೇಣದ ತುಂಡುಗಳಿಂದ ಫೆಬ್ರವರಿ 2ರ ಮೇಣದಬತ್ತಿ: ನನ್ನ ಅನುಭವ

ಜನವರಿ ಮೊದಲಲ್ಲಿ ಬರುವ ಮೂರುರಾಯರ ಹಬ್ಬ ಮುಗಿದು ಕ್ರಿಸ್ಮಸ್ ಗೋದಲಿ ಬಿಚ್ಚಿಟ್ಟ ಮೇಲೆ ಚರ್ಚಿನ ಪೂಜಾ ಸಾಮಗ್ರಿ ಕೋಣೆಯವರಿಗೆ ಸಿಗುವುದು ಮೂರು ವಾರ, ಹೆಚ್ಚೆಂದರೆ ನಾಲ್ಕು. ಫೆಬ್ರವರಿ 2, ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ್ದನ್ನು ನೆನೆಯುವ ಸಮರ್ಪಣೆಯ ಹಬ್ಬ. ಆ ದಿನ ಮೇಣದಬತ್ತಿ ಆಶೀರ್ವದಿಸಿ ಮೆರವಣಿಗೆ ಹೋಗುತ್ತೇವೆ, ಬಂದವರ ಕೈಗೆಲ್ಲ ಒಂದೊಂದು ಬತ್ತಿ ಬೇಕು. ಉರಿದು ಉಳಿದ ತುಂಡು ಕರಗಿಸಿ ನಾವೇ ಮಾಡೋಣ ಅಂದಾಗ ಬಂದ ಮಾತು ಮೂರು: ಹೊಗೆಯಾಡುತ್ತದೆ, ಬಾಗುತ್ತದೆ, ಒಮ್ಮೆ ಆಶೀರ್ವದಿಸಿದ ಮೇಣ ಕರಗಿಸಬಾರದು. ಮೂರನೆಯದನ್ನು ಫಾದರ್ ಒಂದೇ ಮಾತಿನಲ್ಲಿ ಮುಗಿಸಿದರು: ಕಸಕ್ಕೆ ಹಾಕುವುದಕ್ಕಿಂತ ಮತ್ತೆ ಬತ್ತಿಯಾಗಲಿ, ಹೇಗೂ ಹೊಸದಾಗಿ ಆಶೀರ್ವದಿಸುತ್ತೇವಲ್ಲ. ಮೊದಲೆರಡು ಮಾತು ಮಾತ್ರ ಎರಡು ವರ್ಷ ನಿಜವೇ ಆಗಿತ್ತು. ಈ ಸಲ 500 ಬತ್ತಿಯಲ್ಲಿ ಕೆಟ್ಟದ್ದು ಹತ್ತೋ ಹನ್ನೆರಡೋ.

ಮೇಣ ಕೂಡಿಡುವುದು ನವೆಂಬರ್ 2ರಿಂದ, ಅಂದರೆ ಸತ್ತವರ ಸ್ಮರಣೆಯ ದಿನದಿಂದ. ಸಮಾಧಿ ಸ್ಥಳದಲ್ಲಿ ಅಂದು ಸಿಗುವಷ್ಟು ತುಂಡು ವರ್ಷವಿಡೀ ಸಿಗುವುದಿಲ್ಲ, ಆದರೆ ಅದರಲ್ಲಿ ಮರಳು, ಸೇವಂತಿಗೆ ಎಸಳು, ಬೆಂಕಿಕಡ್ಡಿ ಎಲ್ಲ ಇರುತ್ತದೆ. ಗ್ರೊಟ್ಟೊ (ಮಾತೆ ಮರಿಯಳ ಗುಹೆ) ಮುಂದಿನದು ಸ್ವಲ್ಪ ಚೊಕ್ಕ, ಬಲಿಪೀಠದ್ದು ಎಲ್ಲಕ್ಕಿಂತ ಒಳ್ಳೆಯದು. ಗಾಜಿನ ಲೋಟದಲ್ಲಿ ಬರುವ ಮೆತ್ತನೆ ಮೇಣ ಬೇಡವೇ ಬೇಡ, ಬತ್ತಿ ಕೈಗೆ ಜಿಡ್ಡಾಗುತ್ತದೆ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ನೇರಳೆ ಬತ್ತಿಯನ್ನಂತೂ ಬೇರೆ ಡಬ್ಬಕ್ಕೆ ಹಾಕಿ. ಅರ್ಧ ನೇರಳೆ ತುಂಡು ಐದು ಕಿಲೋ ಮೇಣವನ್ನು ಕೆಸರುಬಣ್ಣಕ್ಕೆ ತಿರುಗಿಸಿತ್ತು.

ಹೊಗೆ ಮತ್ತು ಚಟಪಟ ಸದ್ದಿಗೆ ಕಾರಣ ಮೇಣದಲ್ಲಿ ಉಳಿದ ನೀರು ಅಂತ ತಿಳಿಯಲು ಒಂದು ವರ್ಷ ಹಿಡಿಯಿತು. ಈಗಿನ ಕ್ರಮ ಹೀಗೆ. ತುಂಡುಗಳನ್ನು ನೀರಿನ ಜೊತೆಗೇ ಕರಗಿಸಿ, ಹಳೆ ಪಂಚೆಯಲ್ಲಿ ಸೋಸಿ, ರಾತ್ರಿಯಿಡೀ ಅಲುಗಾಡಿಸದೆ ಬಿಡುವುದು. ಬೆಳಿಗ್ಗೆ ಮೇಲೆ ಬಿಲ್ಲೆಯಂತೆ ಗಟ್ಟಿಯಾದದ್ದನ್ನು ಎತ್ತಿ, ಅಡಿಯ ಕಪ್ಪು ಪದರವನ್ನು ಚಾಕುವಿನಲ್ಲಿ ಹೆರೆದು ತೆಗೆಯುವುದು. ಆಮೇಲೆ ಬಿಸಿನೀರಿನ ಪಾತ್ರೆಯೊಳಗಿಟ್ಟ ಪಾತ್ರೆಯಲ್ಲಿ ಮತ್ತೆ ಕರಗಿಸಿ, ಒಂದು ಗಂಟೆ ಬಿಸಿಯಾಗಿಯೇ ಇಟ್ಟು, ಸೌಟಿನಲ್ಲಿ ಮೇಲಿನಿಂದ ಮಾತ್ರ ತೆಗೆಯುವುದು. ತಳದ ಒಂದು ಇಂಚು ಮುಟ್ಟಬಾರದು, ಉಳಿದ ನೀರೆಲ್ಲ ಅಲ್ಲೇ ಇರುತ್ತದೆ. 15 ಕಿಲೋ ತುಂಡಿಗೆ ಚೊಕ್ಕ ಮೇಣ 12 ಕಿಲೋ ಬಂದರೆ ಪುಣ್ಯ. ನೇರವಾಗಿ ಒಲೆ ಮೇಲೆ ಕರಗಿಸಲು ಹೋಗಬೇಡಿ. ಬೆಂಕಿ ಹತ್ತಿದರೆ ಮುಚ್ಚಳ ಮುಚ್ಚಿ, ನೀರು ಸುರಿದೀರಿ ಜೋಕೆ.

ಬಾಗುವುದಕ್ಕೆ ಮದ್ದು ಸ್ಟಿಯರಿಕ್ ಆಸಿಡ್, ಮೇಣವನ್ನು ಗಟ್ಟಿ ಮಾಡುವ ಕೊಬ್ಬಿನ ಆಮ್ಲ. ಕರಾವಳಿಯ ಫೆಬ್ರವರಿ ಬಿಸಿಲಿಗೆ ಬರೀ ಹಳೆ ಮೇಣದ ಬತ್ತಿ ಹಗಲೇ ತಲೆ ತಗ್ಗಿಸುತ್ತದೆ. 12 ಕಿಲೋ ಹಳೆಯದಕ್ಕೆ 3 ಕಿಲೋ ಹೊಸ ಪ್ಯಾರಾಫಿನ್, 1 ಕಿಲೋ ಸ್ಟಿಯರಿಕ್. ಬತ್ತಿ ಬೆಳ್ಳಗೆ ಗಟ್ಟಿಯಾಗುತ್ತದೆ, ಅಚ್ಚಿನಿಂದ ಸಲೀಸಾಗಿ ಕಳಚುತ್ತದೆ. ಇದರ ಜೊತೆ ಇನ್ನೊಂದು ವಸ್ತುವನ್ನು ಚಿಟಿಕೆಯಷ್ಟು ಹಾಕುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅಚ್ಚಿಗೆ ಸವರುವ ಎಣ್ಣೆಯ ವಿಚಾರವೂ ಅಷ್ಟೇ.

ಅಚ್ಚಿನ ದುಡ್ಡು ಉಳಿಸಲು ಮೊದಲು ವೈರಿಂಗ್‌ನ ಪಿವಿಸಿ ಪೈಪ್ ಕತ್ತರಿಸಿ ನೋಡಿದ್ದಾಯಿತು. ಬಿಸಿ ಮೇಣಕ್ಕೆ ಪೈಪೇ ಮೆತ್ತಗಾಗಿ ಸೊಟ್ಟಗಾಯಿತು, ಬತ್ತಿ ಹೊರಗೆ ಬರಲೇ ಇಲ್ಲ. ಕೊನೆಗೆ ಎರಡು ಹೋಳಾಗಿ ತೆರೆಯುವ ಅಲ್ಯೂಮಿನಿಯಂ ಅಚ್ಚು, 24 ಬತ್ತಿಯದು, ಎರಡು ತಂದದ್ದು. ಎರಡೂ ಸೇರಿ ನಾಲ್ಕು ಸಾವಿರದ ಆಸುಪಾಸು. 80 ಡಿಗ್ರಿಯ ಹತ್ತಿರ ಸುರಿಯಿರಿ. ಆರುವಾಗ ಮೇಣ ಕುಗ್ಗಿ ನಡುವಿನ ಉರಿಯುವ ನೂಲಿನ ಸುತ್ತ ಗುಂಡಿ ಬೀಳುತ್ತದೆ, ಹತ್ತು ನಿಮಿಷ ಬಿಟ್ಟು ಮತ್ತೆ ತುಂಬಿಸಬೇಕು. ತೀರ ತಣ್ಣಗಾದ ಮೇಲೆ ತುಂಬಿಸಿದರೆ ಆ ಪದರ ಅಂಟದೆ ಟೋಪಿಯಂತೆ ಕಳಚಿ ಬೀಳುತ್ತದೆ. ಹನ್ನೊಂದು ಸರದಿ, ಎರಡು ಸಂಜೆಯ ಕೆಲಸ.

ನೂಲಿನಲ್ಲಿ ಜಿಪುಣತನ ಬೇಡ. ತಿರುಚಿದ ನೂಲಿಗಿಂತ ಹೆಣೆದದ್ದು ಒಳ್ಳೆಯದು, ಉರಿಯುವಾಗ ತುದಿ ತಾನೇ ಬಾಗಿ ಸುಟ್ಟುಹೋಗುತ್ತದೆ, ಮಸಿ ಕಟ್ಟುವುದಿಲ್ಲ. ಉಪ್ಪು ಒಂದು ಚಮಚ, ಬಿಳಿಗಾರ (ಬೋರಾಕ್ಸ್) ಎರಡು ಚಮಚ, ಒಂದೂವರೆ ಲೋಟ ಬಿಸಿನೀರು: ಇದರಲ್ಲಿ ರಾತ್ರಿ ನೆನೆಸಿ, ಎರಡು ದಿನ ಚೆನ್ನಾಗಿ ಒಣಗಿಸಿ. ದಪ್ಪ ನೂಲು ಹೊಗೆ ಕಾರುತ್ತದೆ, ಸಣ್ಣದು ಕರಗಿದ ಮೇಣದಲ್ಲಿ ಮುಳುಗಿ ಆರುತ್ತದೆ. ಒಂದೂವರೆ ಸೆಂಟಿಮೀಟರ್ ದಪ್ಪದ ಬತ್ತಿಗೆ ಯಾವುದು ಸರಿ ಅಂತ ನಾಲ್ಕೈದು ಉರಿಸಿ ನೋಡಿಯೇ ತೀರ್ಮಾನಿಸಿ.

ಸಾಂಬ್ರಾಣಿ ಪುಡಿ ಬೆರೆಸಿದರೆ ಘಮಘಮ ಅನ್ನಬಹುದು ಅಂತ ಒಂದು ಅಚ್ಚು ಹಾಳಾಯಿತು. ಪುಡಿಯೆಲ್ಲ ತಳಕ್ಕಿಳಿದು ನೂಲಿನ ಬಾಯಿ ಕಟ್ಟಿತು. ನೇರಳೆ ತುಂಡುಗಳ ಬಣ್ಣ ಗಾಢ ಮಾಡಲು ಮಕ್ಕಳ ಕ್ರೇಯಾನ್ ಕರಗಿಸಿದಾಗಲೂ ಇದೇ ಕತೆ. ಜೇನುಮೇಣ ಹತ್ತನೇ ಒಂದು ಪಾಲು ಬೆರೆಸಿದ್ದು ಮಾತ್ರ ಚೆನ್ನಾಗಿ ಬಂತು, ಆದರೆ ಅದರ ಬೆಲೆಗೆ ಬಲಿಪೀಠದ ಆರು ಬತ್ತಿಗಳಾಚೆ ಹೋಗಲಾರೆವು.

ಖರ್ಚು ನೆನಪಿದ್ದಷ್ಟು: ಪ್ಯಾರಾಫಿನ್, ಸ್ಟಿಯರಿಕ್, ನೂಲು, ಗ್ಯಾಸ್, ಹನಿ ತಡೆಯಲು ಕಾಗದದ ಲೋಟ, ಎಲ್ಲ ಸೇರಿ 1,500. ಒಂದು ಬತ್ತಿಗೆ 3 ರೂಪಾಯಿ ಬಿತ್ತು. ಅಂಗಡಿಯಲ್ಲಿ ಇದೇ ಅಳತೆಯದು ಎಂಟೊಂಬತ್ತು. ಹಾಗಾಗಿ ಅಚ್ಚಿನ ದುಡ್ಡು ಎರಡೇ ಹಬ್ಬಕ್ಕೆ ಹುಟ್ಟುತ್ತದೆ. ಲೆಕ್ಕ ಹಾಕುವಾಗ ವಾರ ನೋಡಿಕೊಳ್ಳಿ: 2025ರಲ್ಲಿ ಹಬ್ಬ ಭಾನುವಾರ ಬಿದ್ದಿತ್ತು, 2026ರಲ್ಲಿ ಸೋಮವಾರ. ಭಾನುವಾರಕ್ಕೆ ಇಮ್ಮಡಿ ಬೇಕು.

ಆ ದಿನದ ಮಟ್ಟಿಗೆ ಎರಡೇ ಎಚ್ಚರಿಕೆ. ಬತ್ತಿ ಹಚ್ಚಿದ ಮೇಲೆ ತೀರ್ಥ ಚಿಮುಕಿಸುವಾಗ ಮುಂದಿನ ಸಾಲಿನವು ಆರಿಯೇ ಆರುತ್ತವೆ, ಆ ಕಡೆ ಇಬ್ಬರು ಹುಡುಗರು ಉರಿಯುವ ಬತ್ತಿ ಹಿಡಿದು ನಿಂತಿರಲಿ. ಮೆರವಣಿಗೆ ಬಾಗಿಲು ದಾಟುವ ಮೊದಲೇ ಒಳಗಿನ ಫ್ಯಾನ್ ನಿಲ್ಲಿಸಿ, ಮೆರವಣಿಗೆಯಲ್ಲಿ ಹಾಡುವ ಸಿಮೆಯೋನನ ಗೀತೆ ಮುಗಿಯುವವರೆಗೂ ಹಾಕಬೇಡಿ. ಮೆರವಣಿಗೆಯಲ್ಲಿ ಉರಿಯುವುದು ಹೆಚ್ಚೆಂದರೆ 20 ನಿಮಿಷ, ಎರಡು ಗ್ರಾಂ ಕರಗಿದರೆ ಹೆಚ್ಚು. ಆದರೂ ಬತ್ತಿ ಗಿಡ್ಡ ಮಾಡಬೇಡಿ. ಸಿಡಿಲಿನ ರಾತ್ರಿಗೆ, ಕೊನೆಯುಸಿರಿನ ಹೊತ್ತಿಗೆ ಹಚ್ಚಲೆಂದು ಜನ ಅದನ್ನು ಮನೆಯಲ್ಲಿ ಜೋಪಾನವಾಗಿಡುತ್ತಾರೆ.

ಮಿಕ್ಕವುಗಳಲ್ಲಿ ನೆಟ್ಟಗಿರುವ ಎರಡನ್ನು ಆರಿಸಿ ಕೆಂಪು ರಿಬ್ಬನ್ನಿನಿಂದ ಶಿಲುಬೆಯಾಗಿ ಕಟ್ಟಿಡಿ. ಮರುದಿನ 3ನೇ ತಾರೀಕು, ಸಂತ ಬ್ಲೇಸ್‌ರ ಹಬ್ಬ, ಆ ಶಿಲುಬೆಯನ್ನು ಗಂಟಲಿಗೆ ಹಿಡಿದು ಆಶೀರ್ವದಿಸಲು ಬೇಕಾಗುತ್ತದೆ.