ಮೀಟರಿನಿಂದ ಗಣಿಯ ತನಕ: ಮನೆಯ ಒಂದು ತಿಂಗಳ ಇಂಧನ ಲೆಕ್ಕ ಹಾಕುವುದು ಹೇಗೆ?

ಕರೆಂಟ್ ಬಿಲ್ ಯೂನಿಟ್ಟಿನಲ್ಲಿ ಬರುತ್ತದೆ. ಪೆಟ್ರೋಲ್ ಲೀಟರಿನಲ್ಲಿ, ಅಡುಗೆ ಅನಿಲ ಕಿಲೋದಲ್ಲಿ. ಮೂರಕ್ಕೂ ಬೇರೆ ಬೇರೆ ಅಳತೆ, ಮೂರಕ್ಕೂ ದುಡ್ಡು ಕೊಡುವ ದಿನ ಬೇರೆ ಬೇರೆ. ಹಾಗಾಗಿ ಮನೆಯಲ್ಲಿ ಯಾವುದು ಜಾಸ್ತಿ ಉರಿಯುತ್ತಿದೆ ಎಂದು ಕೇಳಿದರೆ ಬಹಳ ಮಂದಿ ಬಲ್ಬಿನ ಕಡೆ ಕೈ ತೋರಿಸುತ್ತಾರೆ. ಪಾಪ, ಬಲ್ಬಿನದ್ದು ಅಂಥ ತಪ್ಪೇನೂ ಇಲ್ಲ. ಅದು ಕಣ್ಣಿಗೆ ಕಾಣುತ್ತದೆ, ಅಷ್ಟೇ.

ಒಂದು ನೋಟ್‌ಬುಕ್ಕು, ಗುಣಾಕಾರ ಭಾಗಾಕಾರ, ತಿಂಗಳಿಗೆ ಹತ್ತು ನಿಮಿಷ. ಇಷ್ಟಿದ್ದರೆ ನಿಮ್ಮ ಮನೆ ಎಷ್ಟು ಇಂಧನ ತಿನ್ನುತ್ತದೆ, ಅದು ಎಲ್ಲಿಂದ ಬರುತ್ತದೆ, ದಾರಿಯಲ್ಲಿ ಎಷ್ಟು ಸೋರುತ್ತದೆ ಎನ್ನುವುದನ್ನು ನೀವೇ ಕಂಡುಕೊಳ್ಳಬಹುದು.

ಹಂತ 1: ಮೂರು ಅಂಕಿ ಬರೆದುಕೊಳ್ಳಿ

ತಿಂಗಳ ಮೊದಲ ದಿನ ಮೀಟರ್ ರೀಡಿಂಗ್ ಬರೆದಿಡಿ. ಮುಂದಿನ ತಿಂಗಳು ಅದೇ ದಿನ, ಅದೇ ಹೊತ್ತಿಗೆ ಮತ್ತೆ ನೋಡಿ. ಎರಡರ ನಡುವಿನ ವ್ಯತ್ಯಾಸವೇ ನೀವು ಸುಟ್ಟ ಯೂನಿಟ್. ಗಾಡಿಗೆ ಹಾಕಿಸಿದ ಪೆಟ್ರೋಲ್ ಎಷ್ಟು ಲೀಟರ್ ಎಂದು ಪ್ರತಿ ಸಲವೂ ಬರೆಯಿರಿ. ಅನಿಲದ ಸಿಲಿಂಡರ್ ಎಷ್ಟು ದಿನ ಬಂತು ಎಂದು ನೋಡಿಕೊಂಡರೆ ತಿಂಗಳಿಗೆ ಎಷ್ಟು ಕಿಲೋ ಎನ್ನುವುದು ಸಿಗುತ್ತದೆ.

ಲೆಕ್ಕ ಸುಲಭವಾಗಲಿ ಎಂದು ಇಲ್ಲಿ ಒಂದು ಮನೆಯನ್ನು ಊಹಿಸಿಕೊಳ್ಳೋಣ: 100 ಯೂನಿಟ್ ಕರೆಂಟ್, 20 ಲೀಟರ್ ಪೆಟ್ರೋಲ್, 10 ಕಿಲೋ ಅನಿಲ. ನಿಮ್ಮ ಅಂಕಿ ಬೇರೆ ಇರುತ್ತದೆ, ದಾರಿ ಇದೇ.

ಹಂತ 2: ಎಲ್ಲವನ್ನೂ ಯೂನಿಟ್ಟಿಗೆ ತನ್ನಿ

ಒಂದು ಯೂನಿಟ್ ಎಂದರೆ ಒಂದು ಕಿಲೋವ್ಯಾಟ್ ಅವರ್. 1,000 ವ್ಯಾಟಿನ ಹೀಟರ್ ಒಂದು ಗಂಟೆ ಉರಿದರೆ ಖರ್ಚಾಗುವಷ್ಟು ಶಕ್ತಿ. ಕರೆಂಟನ್ನು ಮಾತ್ರ ಹೀಗೆ ಅಳೆಯಬೇಕು ಎಂದೇನಿಲ್ಲ. ಯಾವ ಇಂಧನದಲ್ಲಿರುವ ಶಕ್ತಿಯನ್ನಾದರೂ ಇದೇ ಅಳತೆಯಲ್ಲಿ ಹೇಳಬಹುದು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್, ಡೀಸೆಲ್ಲಿನಲ್ಲಿ ಸುಮಾರು 10, ಒಂದು ಕಿಲೋ ಅಡುಗೆ ಅನಿಲದಲ್ಲಿ ಸುಮಾರು 13 ಯೂನಿಟ್ ಶಕ್ತಿ ಇರುತ್ತದೆ. ಮಧ್ಯಮ ದರ್ಜೆಯ ಕಲ್ಲಿದ್ದಲಿನಲ್ಲಿ ಕಿಲೋಗೆ 6 ಎಂದು ಇಟ್ಟುಕೊಳ್ಳಿ.

ನಮ್ಮ ಮನೆಯ ಲೆಕ್ಕ ಈಗ ಹೀಗಾಯಿತು: ಕರೆಂಟ್ 100, ಪೆಟ್ರೋಲ್ 180, ಅನಿಲ 130. ಒಟ್ಟು 410 ಯೂನಿಟ್. ಕರೆಂಟಿನ ಪಾಲು ನಾಲ್ಕರಲ್ಲಿ ಒಂದು ಮಾತ್ರ!

ಈ 9 ಯೂನಿಟ್ ಎನ್ನುವುದು ಎಷ್ಟು ದೊಡ್ಡದು ಎಂದು ಒಂದು ಕ್ಷಣ ಯೋಚಿಸಿ. ಗಟ್ಟಿಮುಟ್ಟಾದ ಆಳು ಎಂಟು ಗಂಟೆ ಬೆವರು ಸುರಿಸಿ ದುಡಿದರೆ ಅವನ ಮೈಯಿಂದ ಹೊರಡುವ ಕೆಲಸ ಸುಮಾರು 0.6 ಯೂನಿಟ್. ಅಂದರೆ ಒಂದು ಲೀಟರ್ ಪೆಟ್ರೋಲಿನಲ್ಲಿ ಹದಿನೈದು ದಿನದ ಮೈದುಡಿಮೆಯಷ್ಟು ಶಕ್ತಿ ಅಡಗಿದೆ. ಇನ್ನೊಂದು ಹೋಲಿಕೆ ನೋಡಿ. 4,000 ಲೀಟರ್ ನೀರನ್ನು 100 ಮೀಟರ್ ಎತ್ತರದಿಂದ ಟರ್ಬೈನ್ ಎಂಬ ತಿರುಗುವ ಚಕ್ರದ ಮೇಲೆ ಬೀಳಿಸಿದರೆ ಹುಟ್ಟುವುದು ಒಂದೇ ಒಂದು ಯೂನಿಟ್ ಕರೆಂಟ್. ಅಣೆಕಟ್ಟು ಯಾಕೆ ಅಷ್ಟು ದೊಡ್ಡದಾಗಿರಬೇಕು, ಪೆಟ್ರೋಲ್ ಟ್ಯಾಂಕ್ ಯಾಕೆ ಅಷ್ಟು ಚಿಕ್ಕದಿದ್ದರೂ ಸಾಕು ಎನ್ನುವುದಕ್ಕೆ ಉತ್ತರ ಇಲ್ಲೇ ಇದೆ. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ಸುಮಾರು 21 ಮೀಟರ್ ಕೊರೆದು ಎಣ್ಣೆ ತೆಗೆದ ಮೇಲೆ ಜಗತ್ತು ಅದರ ಹಿಂದೆ ಓಡಿದ್ದು ಸುಮ್ನೆ ಅಲ್ಲ.

ಹಂತ 3: ಕರೆಂಟನ್ನು ಹಿಂದಕ್ಕೆ ನಡೆಸಿ

ಬಹಳ ಜನ ಎರಡನೇ ಹಂತಕ್ಕೇ ನಿಲ್ಲಿಸಿಬಿಡುತ್ತಾರೆ. ಆದರೆ ಅಸಲು ಲೆಕ್ಕ ಈಗ ಶುರು.

ಪೆಟ್ರೋಲ್, ಅನಿಲ ಎರಡೂ ಇಂಧನಗಳು. ಕರೆಂಟ್ ಇಂಧನವಲ್ಲ. ಅದನ್ನು ಎಲ್ಲೋ ಯಾವುದನ್ನೋ ಬಳಸಿ ಹುಟ್ಟಿಸಿರುತ್ತಾರೆ. ಹಾಗಾಗಿ ನಿಮ್ಮ 100 ಯೂನಿಟ್ಟನ್ನು ಹಿಡಿದುಕೊಂಡು ತಂತಿಯ ಮೇಲೆ ವಾಪಸ್ ನಡೆಯಬೇಕು.

ಮೊದಲ ಸೋರಿಕೆ ತಂತಿಯಲ್ಲೇ. ನೂರಕ್ಕೆ ಎಂಟು ಹೋಯಿತು ಎಂದುಕೊಂಡರೆ ಮನೆಗೆ 100 ತಲುಪಲು ವಿದ್ಯುತ್ ಸ್ಥಾವರದಿಂದ ಸುಮಾರು 109 ಹೊರಡಬೇಕು. ಇದು ಚಿಲ್ಲರೆ ನಷ್ಟ. ದೊಡ್ಡ ನಷ್ಟ ಇರುವುದು ಸ್ಥಾವರದ ಒಳಗೆ. ಕಲ್ಲಿದ್ದಲು ಸುಟ್ಟು, ನೀರು ಕಾಯಿಸಿ, ಆವಿಯಿಂದ ಟರ್ಬೈನ್ ತಿರುಗಿಸುವ ಹೊತ್ತಿಗೆ ಕಲ್ಲಿದ್ದಲಿನ ಶಕ್ತಿಯಲ್ಲಿ ನೂರಕ್ಕೆ 35ರಷ್ಟು ಮಾತ್ರ ಕರೆಂಟಾಗುತ್ತದೆ. 109ನ್ನು 0.35ರಿಂದ ಭಾಗಿಸಿ. ಸುಮಾರು 310 ಬಂತು. 6ರಿಂದ ಭಾಗಿಸಿದರೆ 50 ಕಿಲೋ ಚಿಲ್ಲರೆ ಕಲ್ಲಿದ್ದಲು. ನಿಮ್ಮ ಹೆಸರಿನಲ್ಲಿ ಪ್ರತಿ ತಿಂಗಳೂ ಒಂದು ದೊಡ್ಡ ಮೂಟೆ ಎಲ್ಲೋ ಉರಿದುಹೋಗುತ್ತಿದೆ, ನಿಮಗೆ ಅದರ ಬಿಸಿಯೂ ತಟ್ಟುವುದಿಲ್ಲ.

ಮೂರನೇ ಎರಡು ಭಾಗ ಹಾಳು ಮಾಡುತ್ತಾರಲ್ಲ, ಎಂಜಿನಿಯರುಗಳಿಗೆ ಬುದ್ಧಿ ಇಲ್ವಾ ಎಂದು ಅನಿಸಬಹುದು. ಬುದ್ಧಿಯ ಪ್ರಶ್ನೆ ಅಲ್ಲ ಅದು. ಶಾಖದಿಂದ ಕೆಲಸ ಮಾಡಿಸಿದರೆ ಒಂದಿಷ್ಟನ್ನು ತಣ್ಣನೆಯ ಕಡೆಗೆ ಬಿಟ್ಟುಕೊಡಲೇಬೇಕು. ಇದನ್ನು 1824ರಲ್ಲೇ ಸಾದಿ ಕಾರ್ನೋ ಎಂಬ ಫ್ರೆಂಚ್ ಎಂಜಿನಿಯರ್ ತೋರಿಸಿಕೊಟ್ಟ. ಆಗ ಅವನಿಗೆ ಮೂವತ್ತು ವಯಸ್ಸೂ ಆಗಿರಲಿಲ್ಲ. 540 ಡಿಗ್ರಿ ಸೆಲ್ಸಿಯಸ್ ಆವಿ, 35 ಡಿಗ್ರಿಯ ತಂಪು ನೀರು ಇಟ್ಟುಕೊಂಡರೆ, ಒಂದು ಚೂರೂ ಉಜ್ಜಾಟವಿಲ್ಲದ ಕನಸಿನ ಯಂತ್ರಕ್ಕೂ ಸಿಗುವುದು ನೂರಕ್ಕೆ 62 ಮಾತ್ರ. ನಿಜವಾದ ಯಂತ್ರ ಅದಕ್ಕಿಂತ ಕೆಳಗೇ ಇರುತ್ತದೆ. ನೈಸರ್ಗಿಕ ಅನಿಲದ ಹೊಸ ಸ್ಥಾವರಗಳು ಒಂದು ಜಾಣತನ ಮಾಡುತ್ತವೆ. ಅನಿಲ ಉರಿಸಿ ಒಂದು ಟರ್ಬೈನ್ ತಿರುಗಿಸಿ, ಅದರಿಂದ ಹೊರಬರುವ ಬಿಸಿ ಗಾಳಿಯಲ್ಲೇ ನೀರು ಕಾಯಿಸಿ ಇನ್ನೊಂದನ್ನು ತಿರುಗಿಸುತ್ತವೆ. ಹಾಗಾಗಿ ನೂರಕ್ಕೆ 60ರ ತನಕ ಮುಟ್ಟುತ್ತವೆ.

ಅಂದಹಾಗೆ, ಉಷ್ಣ ಸ್ಥಾವರದ ಸೊಂಟ ಸಣ್ಣಗಿರುವ ದೊಡ್ಡ ಗೋಪುರಗಳಿಂದ ಬಿಳಿ ಮೋಡ ಏಳುತ್ತದಲ್ಲ, ಅದು ಹೊಗೆ ಅಲ್ಲ. ನೀರಾವಿ ತಣ್ಣಗಾಗಿ ಆದ ಹನಿಗಳು. ಹೊಗೆ ಹೊರಡುವುದು ಪಕ್ಕದ ತೆಳ್ಳನೆಯ ಚಿಮಣಿಯಿಂದ. ಫೋಟೋಗಳಲ್ಲಿ ಮಾತ್ರ ಯಾವಾಗಲೂ ಗೋಪುರವೇ ಅಪರಾಧಿ.

ಈಗ ಪಟ್ಟಿ ಮತ್ತೆ ಬರೆಯಿರಿ: ಕರೆಂಟ್ 310, ಪೆಟ್ರೋಲ್ 180, ಅನಿಲ 130. ಒಟ್ಟು 620. ನಾಲ್ಕರಲ್ಲಿ ಒಂದು ಪಾಲು ಇದ್ದ ಕರೆಂಟ್ ಅರ್ಧಕ್ಕೆ ಬಂದು ಕೂತಿತು.

ನಿಮ್ಮ ಕರೆಂಟ್ ಪೂರ್ತಿ ಕಲ್ಲಿದ್ದಲಿನಿಂದ ಬರುತ್ತದೆ ಎಂದೇನೂ ಇಲ್ಲ. ಜಲವಿದ್ಯುತ್ತಾದರೆ ಬೀಳುವ ನೀರಿನ ಶಕ್ತಿಯಲ್ಲಿ ನೂರಕ್ಕೆ 90ರಷ್ಟು ಕರೆಂಟಾಗುತ್ತದೆ, ಗಾಳಿಗೂ ಬಿಸಿಲಿಗೂ ಸುಡುವ ಇಂಧನವೇ ಬೇಡ. ವಿದ್ಯುತ್ ಜಾಲ ನಡೆಸುವವರು ಯಾವ ಮೂಲದಿಂದ ಎಷ್ಟು ಎಂದು ಪ್ರಕಟಿಸುವುದು ಈಗ ಸಾಮಾನ್ಯ. ಕಲ್ಲಿದ್ದಲಿನ ಪಾಲು ಅರ್ಧ ಎಂದಿದ್ದರೆ ನಿಮ್ಮ ಯೂನಿಟ್ಟಿನಲ್ಲಿ ಅರ್ಧಕ್ಕೆ ಮಾತ್ರ ಈ ಲೆಕ್ಕ ಮಾಡಿ.

ಹಂತ 4: ಹೊಗೆಯ ತೂಕ ಹಾಕಿ

ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋ ಕೂಡ ತೂಗುವುದಿಲ್ಲ. ಆದರೆ ಅದು ಉರಿದಾಗ ಬರುವ ಕಾರ್ಬನ್ ಡೈಆಕ್ಸೈಡ್ ಸುಮಾರು 2.3 ಕಿಲೋ. ಇದು ಹೇಗೆ ಸಾಧ್ಯ, ಅಲ್ವಾ? ಮಿಕ್ಕ ತೂಕ ಗಾಳಿಯದು. ಇಂಗಾಲದ ಪರಮಾಣು ತೂಕ 12. ಅದು ಉರಿಯುವಾಗ ಗಾಳಿಯಿಂದ 16ರ ತೂಕದ ಎರಡು ಆಮ್ಲಜನಕ ಪರಮಾಣುಗಳನ್ನು ಎಳೆದುಕೊಳ್ಳುತ್ತದೆ. 12 ಹೋಗಿ 44 ಆಗುತ್ತದೆ. ಲೀಟರ್ ಪೆಟ್ರೋಲಿನಲ್ಲಿರುವ ಇಂಗಾಲ ಸುಮಾರು 630 ಗ್ರಾಂ. ಅದನ್ನು 44ರಿಂದ ಗುಣಿಸಿ 12ರಿಂದ ಭಾಗಿಸಿ ನೋಡಿ.

ಅನಿಲಕ್ಕೆ ಕಿಲೋಗೆ 3 ಕಿಲೋ ಎಂದು ಹಿಡಿಯಿರಿ. ಕಲ್ಲಿದ್ದಲಿನ ಕರೆಂಟಿಗೆ ಯೂನಿಟ್ಟಿಗೆ ಹೆಚ್ಚುಕಡಿಮೆ 1 ಕಿಲೋ. ನಮ್ಮ ಮನೆಗೆ 46, 30, 100. ಒಟ್ಟು 176 ಕಿಲೋ. ಮನೆಯ ಕಸವನ್ನು ದಿನಾ ಹೊರಗೆ ಇಡುತ್ತೇವೆ, ಅದರ ತೂಕ ಕೈಗೆ ಗೊತ್ತಾಗುತ್ತದೆ. ಈ ಕಸ ಮಾತ್ರ ಬುಟ್ಟಿಗೆ ಬೀಳುವುದಿಲ್ಲ.

ಹಂತ 5: ಪ್ರತಿ ಸಾಲಿನ ಎದುರು ‘ತುಂಬಲು ಎಷ್ಟು ಕಾಲ?’ ಎಂದು ಬರೆಯಿರಿ

ನೈಸರ್ಗಿಕ ಸಂಪನ್ಮೂಲಗಳನ್ನು ಶಾಲೆಯಲ್ಲಿ ಎರಡು ಗುಂಪು ಮಾಡಿ ಬಾಯಿಪಾಠ ಮಾಡಿಸುತ್ತಾರೆ: ಮುಗಿಯುವಂಥವು, ಮುಗಿಯದಂಥವು. ನನಗೆ ಆ ವಿಂಗಡಣೆ ಅಷ್ಟು ಹಿಡಿಸುವುದಿಲ್ಲ. ಖಾಲಿಯಾದದ್ದು ಮತ್ತೆ ತುಂಬಲು ಎಷ್ಟು ಹೊತ್ತು ಬೇಕು ಎಂದು ಕೇಳಿದರೆ ವಿಷಯ ತಾನಾಗೇ ಸ್ಪಷ್ಟವಾಗುತ್ತದೆ.

ಬಿಸಿಲು: ಮರುದಿನ ಬೆಳಗ್ಗೆ. ಅಣೆಕಟ್ಟಿನ ನೀರು: ಮುಂದಿನ ಮಳೆಗಾಲ. ಸೌದೆ: ಮರ ಬೆಳೆಯುವಷ್ಟು ಕಾಲ, ಅಂದರೆ ಹತ್ತಾರು ವರ್ಷ. ಸೌದೆಯನ್ನು ಬೆಳೆಯುವುದಕ್ಕಿಂತ ಬೇಗ ಕಡಿದರೆ ಅದೂ ಮುಗಿಯುತ್ತದೆ. ಕಲ್ಲಿದ್ದಲು: ಕೋಟ್ಯಂತರ ವರ್ಷ. ಜಗತ್ತಿನ ಕಲ್ಲಿದ್ದಲಿನಲ್ಲಿ ಬಹಳಷ್ಟು 30ರಿಂದ 36 ಕೋಟಿ ವರ್ಷ ಹಿಂದಿನ ಜೌಗು ಕಾಡುಗಳದ್ದು. ಸತ್ತ ಗಿಡಮರ ನೀರಿನಡಿ ಪೂರ್ತಿ ಕೊಳೆಯದೆ ಉಳಿದು ಪೀಟ್ ಎಂಬ ಕಪ್ಪು ಮಣ್ಣಿನಂಥ ವಸ್ತು ಆಯಿತು. ಮೇಲೆ ಮಣ್ಣು ಬಿದ್ದು, ಒತ್ತಡ, ಬಿಸಿ ಏರುತ್ತಾ ಅದು ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲು ಆಯಿತು, ಆಮೇಲೆ ಬಿಟುಮಿನಸ್ ಕಲ್ಲಿದ್ದಲು, ಕೊನೆಗೆ ಎಲ್ಲಕ್ಕಿಂತ ಗಟ್ಟಿಯಾದ ಆಂಥ್ರಸೈಟ್. ಪೆಟ್ರೋಲಿಯಂ ಡೈನೋಸಾರುಗಳಿಂದ ಆಯಿತು ಎನ್ನುವ ಮಾತು ಈಗಲೂ ಓಡಾಡುತ್ತಿದೆ. ಅದು ಬಹುಪಾಲು ಸಮುದ್ರದಲ್ಲಿ ತೇಲುತ್ತಿದ್ದ, ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳ ಉಳಿಕೆ. ಅಂದರೆ ಇವೆಲ್ಲ ಹಳೆಯ ಬಿಸಿಲೇ, ಕೂಡಿಟ್ಟದ್ದು. ಜಗತ್ತು ಬಳಸುವ ಒಟ್ಟು ಶಕ್ತಿಯಲ್ಲಿ ಈಗಲೂ ಸುಮಾರು ನೂರಕ್ಕೆ 80ರಷ್ಟು ಈ ಹಳೇ ಗಂಟಿನಿಂದಲೇ ಬರುತ್ತಿದೆ.

‘ಎಣ್ಣೆ ಇನ್ನು ಐವತ್ತು ವರ್ಷಕ್ಕೆ ಮುಗಿಯುತ್ತದಂತೆ’ ಎಂಬ ಮಾತನ್ನು ನಮ್ಮ ಅಪ್ಪಂದಿರೂ ಕೇಳಿದ್ದರು, ನಾವೂ ಕೇಳುತ್ತಿದ್ದೇವೆ. ಗೊತ್ತಿರುವ ನಿಕ್ಷೇಪವನ್ನು ವರ್ಷದ ಬಳಕೆಯಿಂದ ಭಾಗಿಸಿ ತೆಗೆದ ಅಂಕಿ ಅದು. ಹೊಸ ಬಾವಿ ಸಿಕ್ಕರೆ, ಬೆಲೆ ಏರಿ ಕಷ್ಟದ ಎಣ್ಣೆಯೂ ಗಿಟ್ಟಿದರೆ ನಿಕ್ಷೇಪದ ಅಂಕಿ ಬೆಳೆಯುತ್ತದೆ. ನೆಲದಡಿಯ ಡಬ್ಬ ಖಾಲಿಯಾಗುವ ಮೊದಲೇ ಮೇಲಿನ ಗಾಳಿ ತುಂಬಿಹೋಗುವುದು ಹೆಚ್ಚು ಅರ್ಜೆಂಟ್ ವಿಷಯ. ಕೈಗಾರಿಕೆ ಶುರುವಾಗುವ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಕಾರ್ಬನ್ ಡೈಆಕ್ಸೈಡ್ ಇತ್ತು. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳೆಯಲು ಶುರು ಮಾಡಿದಾಗ 315ರ ಆಸುಪಾಸು. ಈಗ 420 ದಾಟಿದೆ.

ಅಣು ವಿದ್ಯುತ್ ಸ್ಥಾವರದ ಇಂಧನವಾದ ಯುರೇನಿಯಂ ಈ ಪಟ್ಟಿಯಲ್ಲಿ ಎಲ್ಲೂ ಸರಿಯಾಗಿ ಕೂರುವುದಿಲ್ಲ. ಉರಿಯುವುದಿಲ್ಲ, ಹೊಗೆ ಇಲ್ಲ, ಆದರೆ ಮತ್ತೆ ತುಂಬುವುದೂ ಇಲ್ಲ. ಭೂಮಿಯ ಒಳಗಿನ ಶಾಖ ಸಿಗುವ ಕಡೆ ಬಹಳ ಒಳ್ಳೆಯದು. ಇಟಲಿಯ ಲಾರ್ಡೆರೆಲ್ಲೊದಲ್ಲಿ 1904ರಲ್ಲೇ ಅದರಿಂದ ಬಲ್ಬು ಉರಿಸಿದ್ದರು. ಎಲ್ಲ ಕಡೆ ಸಿಗುವುದಿಲ್ಲ ಎನ್ನುವುದೇ ತೊಡಕು.

ಹಂತ 6: ಎಲ್ಲಿ ಕೈ ಹಾಕಬೇಕು ಎಂದು ನೋಡಿ

20 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಹತ್ತಿರ ಹತ್ತಿರ ಅರ್ಧ ಯೂನಿಟ್ ಬೇಕು. ಅಷ್ಟರಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು 50 ಗಂಟೆ ಉರಿಯುತ್ತದೆ. ಲೈಟ್ ಆರಿಸಿ ಎಂದು ಮಕ್ಕಳ ಮೇಲೆ ರೇಗುವವರು ಗೀಸರ್ ಕಡೆ ಒಮ್ಮೆ ನೋಡುವುದು ಒಳ್ಳೆಯದು. ಅದೂ ಕಲ್ಲಿದ್ದಲಿನ ಕರೆಂಟಾದರೆ ಬೆಂಕಿಯಿಂದ ಆವಿ, ಆವಿಯಿಂದ ಕರೆಂಟ್, ಕರೆಂಟಿನಿಂದ ಮತ್ತೆ ಬಿಸಿ. ಮೂಗನ್ನು ತಲೆ ಸುತ್ತಿ ಹಿಡಿದ ಹಾಗೆ. ಛಾವಣಿಯ ಮೇಲಿನ ಸೋಲಾರ್ ವಾಟರ್ ಹೀಟರ್ ಬಿಸಿಲಿನ ಬಿಸಿಯನ್ನು ನೇರವಾಗಿ ನೀರಿಗೆ ಕೊಡುತ್ತದೆ, ನಡುವೆ ಯಾವ ಯಂತ್ರವೂ ಇಲ್ಲ. ನನ್ನ ಪ್ರಕಾರ ಶುರು ಮಾಡಬೇಕಾದದ್ದು ಇಲ್ಲಿಂದ.

ಆಮೇಲೆ ಗಾಡಿ. ಊರೊಳಗೆ ಓಡುವ ಪೆಟ್ರೋಲ್ ಎಂಜಿನ್ನಿನಲ್ಲಿ ಐದರಲ್ಲಿ ಒಂದು ಪಾಲು ಶಕ್ತಿ ಚಕ್ರಕ್ಕೆ ಮುಟ್ಟಿದರೆ ಹೆಚ್ಚು. ನಮ್ಮ 180ರಲ್ಲಿ ಓಡಿಸಿದ್ದು 36, ಉಳಿದದ್ದು ಬಿಸಿಯಾಗಿ ರಸ್ತೆಗೆ. ಇದೇ ಕೆಲಸಕ್ಕೆ ಎಲೆಕ್ಟ್ರಿಕ್ ಗಾಡಿಗೆ ಸುಮಾರು 45 ಯೂನಿಟ್ ಚಾರ್ಜ್ ಮಾಡಬೇಕಾಗಬಹುದು. ಆದರೆ ಪೂರ್ತಿ ಕಲ್ಲಿದ್ದಲಿನ ಕರೆಂಟಾದರೆ ಹೊಗೆಯ ಲೆಕ್ಕ ಹೆಚ್ಚುಕಡಿಮೆ ಸಮ-ಸಮ: ಅಲ್ಲಿ 46 ಕಿಲೋ, ಇಲ್ಲಿ 45. ಜಾಲಕ್ಕೆ ಗಾಳಿ, ಬಿಸಿಲು, ನೀರು ಸೇರಿದಷ್ಟೂ ಗಾಡಿಯ ಲಾಭ ಹೆಚ್ಚುತ್ತದೆ.

ಸೋಲಾರ್ ಫಲಕದ ಲೆಕ್ಕ ಹೀಗೆ: ನಡು ಮಧ್ಯಾಹ್ನ ಒಂದು ಚದರ ಮೀಟರಿಗೆ ಬೀಳುವ ಬಿಸಿಲು ಸುಮಾರು 1,000 ವ್ಯಾಟ್. ಫಲಕ ಅದರಲ್ಲಿ ಐದರಲ್ಲಿ ಒಂದನ್ನು ಕರೆಂಟ್ ಮಾಡುತ್ತದೆ. ಬಿಸಿಲು ಚೆನ್ನಾಗಿರುವ ಕಡೆ ದಿನಕ್ಕೆ ಮುಕ್ಕಾಲರಿಂದ ಒಂದು ಯೂನಿಟ್ ಸಿಕ್ಕೀತು. ತಿಂಗಳಿಗೆ 100 ಯೂನಿಟ್ ಬೇಕಾದರೆ ನಾಲ್ಕೈದು ಚದರ ಮೀಟರ್. ಅಷ್ಟೇನಾ ಎನಿಸುತ್ತದೆ. ಜಾಗ ಅಷ್ಟೇ, ಹೊತ್ತಿನದೇ ರಗಳೆ. ರಾತ್ರಿಗೆ ಬ್ಯಾಟರಿ ಬೇಕು, ಇಲ್ಲವೇ ಜಾಲದ ಆಸರೆ ಬೇಕು.

ಹಂತ 7: ಒಂದು ರಾತ್ರಿ ಮೀಟರ್ ಕಾಯಿರಿ

ಮಲಗುವ ಮುಂಚೆ ಎಲ್ಲ ಆಫ್ ಮಾಡಿ ಮೀಟರ್ ನೋಡಿ. ಬೆಳಗ್ಗೆ ಎದ್ದ ಕೂಡಲೇ ಮತ್ತೆ ನೋಡಿ. ಅಂಕಿ ಸರಿದಿದ್ದರೆ ಟಿವಿ, ಚಾರ್ಜರ್, ರೂಟರ್‌ಗಳಲ್ಲಿ ಯಾವುದೋ ಸದ್ದಿಲ್ಲದೆ ಕುಡಿಯುತ್ತಿದೆ. 20 ವ್ಯಾಟ್ ಮಾತ್ರವಾದರೂ ತಿಂಗಳಿಡೀ ಎಳೆದರೆ 14 ಯೂನಿಟ್ ಚಿಲ್ಲರೆ, ಅಂದರೆ ಏಳು ಕಿಲೋ ಕಲ್ಲಿದ್ದಲು. ಫ್ರಿಜ್ ಇದ್ದರೆ ಆ ರಾತ್ರಿ ಅದು ಎಳೆದದ್ದೂ ಸೇರಿಬಿಡುತ್ತದೆ. ಅದರ ಪ್ಲಗ್ ತೆಗೆದು ಒಂದು ಗಂಟೆ ಬೇರೆಯಾಗಿ ನೋಡಿ, ಮತ್ತೆ ಹಾಕಲು ಮರೆಯಬೇಡಿ.