‘ಮಿರರ್’ ನನಗೆ ಪೂರ್ತಿ ಅರ್ಥವಾಗಿಲ್ಲ

ರಷ್ಯಾದ ನಿರ್ದೇಶಕ ಆಂದ್ರೇ ತಾರ್ಕೋವ್‌ಸ್ಕಿಯ ಸಿನಿಮಾ ‘ಮಿರರ್’ ಬಂದದ್ದು 1975ರಲ್ಲಿ. ನಾನು ಮೂರು ಸಲ ನೋಡಿದ್ದೇನೆ. ಕತೆ ಹೇಳು ಅಂದರೆ ಇವತ್ತಿಗೂ ತಡವರಿಸುತ್ತೇನೆ.

ಮೊದಲ ಸಲ ನೋಟ್‌ಬುಕ್ ಹಿಡಿದು ಕೂತಿದ್ದೆ. ಯಾರು ಯಾರಿಗೆ ಏನಾಗಬೇಕು ಅಂತ ಗೆರೆ ಎಳೆದು ಬರೆಯತೊಡಗಿದೆ. ಅರ್ಧ ಗಂಟೆಯಲ್ಲಿ ಸೋತೆ. ಅಮ್ಮ ಮತ್ತು ಹೆಂಡತಿ ಎರಡೂ ಪಾತ್ರಕ್ಕೆ ಒಬ್ಬರೇ ನಟಿ, ಮಾರ್ಗರಿಟಾ ತೆರೆಖೋವಾ. ಕತೆ ಹೇಳುವ ಗಂಡಸಿನ ದನಿ ಕೇಳುತ್ತದೆ, ಮುಖ ಕಾಣುವುದಿಲ್ಲ. ಬಣ್ಣ ಇದ್ದಕ್ಕಿದ್ದಂತೆ ಕಪ್ಪು ಬಿಳುಪಾಗುತ್ತದೆ. ನಡುವೆ ಯುದ್ಧದ ಹಳೇ ಸುದ್ದಿಚಿತ್ರ, ಕೆಸರು ನೀರಲ್ಲಿ ನಡೆಯುವ ಸೈನಿಕರು. ಮತ್ತೆ ಮತ್ತೆ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಎರಡು ಗಂಟೆಯೂ ಇಲ್ಲದ ಸಿನಿಮಾಕ್ಕೆ ಮೂರು ಗಂಟೆ ಹಾಕಿದೆ. ಕೊನೆಗೆ ಉಳಿದದ್ದು ಸಿಟ್ಟು. ಇವರು ಬೇಕಂತಲೇ ಗೋಜಲು ಮಾಡ್ತಾರೆ ಅನ್ನಿಸಿತು.

ಒಂದು ವಾರ ಕಳೆದಿರಬೇಕು. ಮೇಜಿನ ಮೇಲಿಂದ ಬಿಸಿ ಲೋಟ ಎತ್ತಿದೆ. ಕೆಳಗೆ ಹಬೆಯ ಗುಂಡನೆಯ ಗುರುತು. ಅದು ಅಂಚಿನಿಂದ ಆರುತ್ತಾ ಬರುವುದನ್ನು ನೋಡುತ್ತಾ ನಿಂತೇ ಬಿಟ್ಟೆ.

ಸಿನಿಮಾದಲ್ಲಿ ಹೀಗೇ ಒಂದು ಗುರುತು ಇದೆ. ಯಾರೋ ಒಬ್ಬ ಹೆಂಗಸು ಹುಡುಗನ ಕೈಲಿ ರಷ್ಯನ್ ಕವಿ ಪುಷ್ಕಿನ್ ಬರೆದ ಪತ್ರ ಓದಿಸುತ್ತಾಳೆ. ಅಷ್ಟರಲ್ಲಿ ಬಾಗಿಲ ಸದ್ದು. ಹುಡುಗ ಹೋಗಿ ಬರುವಷ್ಟರಲ್ಲಿ ಹೆಂಗಸೂ ಇಲ್ಲ, ಅವಳ ಚಹಾದ ಕಪ್ಪೂ ಇಲ್ಲ. ಹೊಳೆಯುವ ಮೇಜಿನ ಮೇಲೆ ಹಬೆಯ ಗುರುತೊಂದೇ. ಕ್ಯಾಮೆರಾ ಅದನ್ನೇ ನೋಡುತ್ತದೆ. ಅದು ಆರಿಹೋಗುತ್ತದೆ. ಅಷ್ಟೇ. ಆ ಹೆಂಗಸು ಯಾರು ಅಂತ ನೋಟ್‌ಬುಕ್ಕಿನಲ್ಲಿ ದೊಡ್ಡ ಪ್ರಶ್ನೆ ಹಾಕಿದ್ದೆ. ಗುರುತಿನ ಬಗ್ಗೆ ಒಂದಕ್ಷರವೂ ಬರೆದಿರಲಿಲ್ಲ!

ಎರಡನೇ ಸಲ ನೋಟ್‌ಬುಕ್ ಇಲ್ಲ. ಫೋನು ಬೇರೆ ಕೋಣೆಯಲ್ಲಿ. ಏನಾದರೂ ಸರಿ, ನಿಲ್ಲಿಸುವುದಿಲ್ಲ ಅಂತ ಗಟ್ಟಿ ಮಾಡಿಕೊಂಡೆ. ಕತೆಯ ಬೆನ್ನು ಬಿಟ್ಟು ಗಾಳಿ, ನೀರು ಎರಡನ್ನೇ ಹಿಂಬಾಲಿಸಿದೆ. ಶುರುವಿನಲ್ಲಿ ಬೇಲಿಯ ಮೇಲೆ ಕೂತ ಅಮ್ಮನ ಹತ್ತಿರ ದಾರಿ ತಪ್ಪಿದ ಡಾಕ್ಟರೊಬ್ಬ ಬರುತ್ತಾನೆ. ಅವನೂ ಪಕ್ಕದಲ್ಲಿ ಕೂರುತ್ತಾನೆ, ಬೇಲಿ ಮುರಿದು ಇಬ್ಬರೂ ಬೀಳುತ್ತಾರೆ. ಅವನು ಎದ್ದು ಹೊರಟು, ತಿರುಗಿ ನೋಡಿದಾಗ ಹೊಲದ ತುಂಬಾ ಗಾಳಿ ಬೀಸಿ ಬರುತ್ತದೆ. ಮೊದಲ ಸಲ ‘ಈ ಡಾಕ್ಟರ್ ಮತ್ತೆ ಬರ್ತಾನಾ?’ ಅಂತ ಕಾಯುತ್ತಾ ಗಾಳಿಯನ್ನೇ ನೋಡಿರಲಿಲ್ಲ. ಡಾಕ್ಟರ್ ಮತ್ತೆ ಬರುವುದಿಲ್ಲ, ಬಿಡಿ.

ಓದಿದ್ದು ಆಮೇಲೆ. ಸಿನಿಮಾದಲ್ಲಿ ಕವಿತೆ ಓದುವ ದನಿ ನಿರ್ದೇಶಕನ ತಂದೆ ಆರ್ಸೆನಿ ತಾರ್ಕೋವ್‌ಸ್ಕಿಯದೇ, ಕವಿತೆಯೂ ಅವರದೇ. ಮುದುಕಿಯಾಗಿ ಕಾಣುವವರು ನಿರ್ದೇಶಕನ ಸ್ವಂತ ತಾಯಿ. ನನಗೆ ನಿಜಕ್ಕೂ ಸಮಾಧಾನ ಕೊಟ್ಟದ್ದು ಬೇರೆ ವಿಷಯ. ಇಡೀ ಸಿನಿಮಾದಲ್ಲಿ ಇರುವುದು ಸುಮಾರು 200 ಶಾಟ್. ಅವನ್ನು ಜೋಡಿಸಲು ತಾರ್ಕೋವ್‌ಸ್ಕಿ 20ಕ್ಕೂ ಹೆಚ್ಚು ಸಲ ಕ್ರಮ ಬದಲಿಸಿ ನೋಡಿದನಂತೆ. ಹೇಗೆ ಜೋಡಿಸಿದರೂ ಚಿತ್ರ ಒಂದಾಗಿ ನಿಲ್ಲುತ್ತಲೇ ಇರಲಿಲ್ಲ ಅಂತ ಅವನೇ ಬರೆದುಕೊಂಡಿದ್ದಾನೆ. ಮಾಡಿದವನ ಕೈಗೇ ಅಷ್ಟು ಸಲ ಜಾರಿದ್ದು ನನ್ನ ಕೈಗೆ ಒಂದೇ ರಾತ್ರಿಯಲ್ಲಿ ಸಿಗಬೇಕಿತ್ತಾ?

ವಿವರಣೆಯ ವಿಡಿಯೊ ನೋಡಿ ಮಾತ್ರ ಕೆಟ್ಟೆ. ಹಬೆಯ ಗುರುತು ಅಂದರೆ ಮಾಸುವ ನೆನಪು ಅಂತ ಒಬ್ಬರು ಹೇಳಿದರು. ಸರಿಯೇ ಇರಬಹುದು. ಆದರೆ ಮೂರನೇ ಸಲ ಆ ದೃಶ್ಯ ಬಂದಾಗ ಗುರುತಿಗಿಂತ ಮೊದಲು ಅವರ ಮಾತು ತಲೆಗೆ ಬಂತು. ಈಗ ಕನಿಷ್ಠ ಎರಡು ಸಲ ನೋಡುವ ತನಕ ಅಂಥದ್ದರ ತಂಟೆಗೆ ಹೋಗುವುದಿಲ್ಲ. ಕವಿತೆ ಬರುವ ಕಡೆ ಸಬ್‌ಟೈಟಲ್ಲನ್ನೂ ಬಿಟ್ಟುಬಿಡುತ್ತೇನೆ. ಸಾಲು ಓದುತ್ತಾ ಕೂತರೆ ಚಿತ್ರ ತಪ್ಪಿಹೋಗುತ್ತದೆ. ಕವಿತೆಯನ್ನು ಆಮೇಲೆ ಪುಸ್ತಕದಲ್ಲಿ ಓದಬಹುದಲ್ವಾ?

ಹಾಗಂತ ಕಷ್ಟದ ಸಿನಿಮಾ ಎಲ್ಲವೂ ಒಳ್ಳೆಯದು ಅಂತ ನಾನು ಒಪ್ಪುವುದಿಲ್ಲ. ಅರ್ಧಕ್ಕೆ ಬಿಟ್ಟವು ಬೇಕಾದಷ್ಟಿವೆ. ವಾರ ಕಳೆದರೂ ಒಂದು ದೃಶ್ಯವೂ ತಾನಾಗಿ ನೆನಪಿಗೆ ಬರಲಿಲ್ಲ ಅಂದರೆ ಮತ್ತೆ ಅತ್ತ ತಲೆ ಹಾಕುವುದಿಲ್ಲ. ಗೊತ್ತಾದವರ ಹಾಗೆ ತಲೆ ಆಡಿಸುವುದನ್ನೂ ಬಿಟ್ಟೆ.

ಮೂರನೇ ಸಲ ಗೆಳೆಯನೊಬ್ಬ ಜೊತೆಗಿದ್ದ. ಹಬೆಯ ಗುರುತಿನ ಹತ್ತಿರ ನಾನು ಅವನ ಮುಖ ನೋಡಿದೆ. ಅವನಿಗೆ ಏನೂ ಅನ್ನಿಸಿದ ಹಾಗಿರಲಿಲ್ಲ. ಸಿನಿಮಾ ಮುಗಿದ ಮೇಲೆ ಕೇಳಿದ್ದು ಬೇರೆಯೇ. ಕೊಟ್ಟಿಗೆಗೆ ಬೆಂಕಿ ಬಿದ್ದು ಮಕ್ಕಳೆಲ್ಲ ಎದ್ದು ಓಡುತ್ತಾರಲ್ಲ, ಆಗ ಮೇಜಿನ ಮೇಲಿದ್ದ ಬಾಟಲಿ ಉರುಳಿ ಬೀಳುತ್ತದೆ.

“ಯಾರೂ ಮುಟ್ಟಲಿಲ್ಲ ಕಣೋ, ಅದ್ಯಾಕೆ ಬಿತ್ತು?” ಅಂದ.

ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಹಿಂದಕ್ಕೆ ಓಡಿಸಿ ಇಬ್ಬರೂ ಮತ್ತೆ ನೋಡಿದೆವು.